ಹುಡುಗನಿಗೆ ನಲವತ್ತು, ಹಸುವಿಗೆ ಇನ್ನೂರು ಚಿಲ್ಲರೆ

ಊರಿನ ಹೆಂಡದಂಗಡಿಯಲ್ಲಿ ಚೌಕಾಸಿ ಶುರುವಾಗುತ್ತದೆ. ಮಾರುವವನು ಬಾರ್ಬೆರಾನ್, ಪ್ಯಾರಿಸಿನಲ್ಲಿ ಕಟ್ಟಡದ ಕೆಲಸಕ್ಕೆ ಹೋಗಿ ಕಾಲು ಜಖಂ ಮಾಡಿಕೊಂಡು ಬಂದ ಕಲ್ಲುಕುಟಿಗ. ಕೊಳ್ಳುವವನು ವಿಟಾಲಿಸ್, ಮೂರು ನಾಯಿ, ಒಂದು ಕೋತಿ ಕಟ್ಟಿಕೊಂಡು ಊರೂರು ಆಟ ತೋರಿಸುವ ಬಿಳಿಗಡ್ಡದ ಇಟಾಲಿಯನ್ ಮುದುಕ. ಸರಕು ಎಂಟು ವರ್ಷದ ರೆಮಿ. ಕೊಳ್ಳುತ್ತಿಲ್ಲ, ಬಾಡಿಗೆಗೆ ತೆಗೆದುಕೊಳ್ಳುತ್ತಿದ್ದೇನೆ, ವರ್ಷಕ್ಕೆ ಇಪ್ಪತ್ತು ಫ್ರಾಂಕ್ ಎನ್ನುತ್ತಾನೆ ಮುದುಕ. ಹುಡುಗ ಸಣಕಲು ಎಂದು ಒಬ್ಬ, ಗಟ್ಟಿ ಇದ್ದಾನೆ ಎಂದು ಇನ್ನೊಬ್ಬ. ಸಂತೆಯಲ್ಲಿ ದನದ ಸುಳಿ ನೋಡುವವರ ಮಾತೇ ಇದು. ಕೊನೆಗೆ ಐದು ಫ್ರಾಂಕಿನ ಎಂಟು ನಾಣ್ಯಕ್ಕೆ ಮಾತು ಮುಗಿಯುತ್ತದೆ.

ಫ್ರೆಂಚ್ ಲೇಖಕ ಹೆಕ್ಟರ್ ಮಾಲೋ ಬರೆದ 'ಸಾಂ ಫಮೀ' ಶುರುವಾಗುವುದು ಹೀಗೆ. 'ಲ ಸಿಯೆಕ್ಲ್' ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದು, 1878ರಲ್ಲಿ ಪುಸ್ತಕವಾಯಿತು. ಮಾಲೋ ಅದನ್ನು ಅರ್ಪಿಸಿದ್ದು ತನ್ನ ಪುಟ್ಟ ಮಗಳು ಲೂಸಿಗೆ. ಅನಾಥ ಹುಡುಗ ಎಂದರೆ ನಮಗೆ ಥಟ್ಟನೆ ನೆನಪಾಗುವುದು ಡಿಕನ್ಸನ ಆಲಿವರ್ ಟ್ವಿಸ್ಟ್. ಆದರೆ ಫ್ರಾನ್ಸಿನಲ್ಲಿ ರೆಮಿಯ ಹೆಸರು ಕೇಳದೆ ಬೆಳೆದವರು ಕಡಿಮೆ. ಜಪಾನಿನಲ್ಲೂ ಅಷ್ಟೆ, ಅಲ್ಲಿನವರು 1977ರಲ್ಲಿ ಈ ಕಥೆಯನ್ನು ಟೀವಿಯ ಅನಿಮೇಷನ್ ಧಾರಾವಾಹಿಯಾಗಿಸಿದರು.

ಬೀದಿಯಲ್ಲಿ ಸಿಕ್ಕ ಕೂಸು, ಸಾಕಿದ ತಾಯಿ, ಊರೂರು ಅಲೆತ, ಕೊನೆಗೆ ಸಿಗುವ ಸಿರಿವಂತ ಹೆತ್ತಮ್ಮ. ಇಷ್ಟೇ ಹೇಳಿದರೆ ಹಳೇ ಸಿನಿಮಾದ ಕಥೆಯಂತೆ ಕೇಳುತ್ತದೆ. ನನ್ನನ್ನು ಹಿಡಿದು ಕೂರಿಸಿದ್ದು ಕಾದಂಬರಿಯೊಳಗಿನ ಲೆಕ್ಕಪತ್ರ. ಮಾಲೋ ನೋಟರಿಯ ಮಗ, ತಾನೂ ಕಾನೂನು ಓದಿದವನು. ಬುದ್ಧಿ ನೆಟ್ಟಗಿರುವವರನ್ನೂ ಹುಚ್ಚಾಸ್ಪತ್ರೆಗೆ ತಳ್ಳಲು ಎಡೆಮಾಡುವ ಕಾನೂನಿನ ವಿರುದ್ಧ ದೊಡ್ಡವರಿಗಾಗಿ ಕಾದಂಬರಿ ಬರೆದವನು. ಯಾರು ಯಾರಿಗೆ ಎಷ್ಟು ಕೊಟ್ಟರು, ಯಾರ ಬಾಕಿ ಉಳಿಯಿತು ಎಂಬುದನ್ನು ಅವನು ಮಕ್ಕಳ ಕಥೆಯಲ್ಲೂ ಬರೆದಿಡದೆ ಬಿಡುವುದಿಲ್ಲ.

ಬಾರ್ಬೆರಾನ್ ಪ್ಯಾರಿಸಿನ ರಸ್ತೆಯಲ್ಲಿ ಸಿಕ್ಕ ಕೂಸನ್ನು ಎತ್ತಿಕೊಂಡು ಬಂದದ್ದು ಕರುಣೆಯಿಂದಲ್ಲ. ಕೂಸಿನ ಮೈಮೇಲೆ ಬೆಲೆಬಾಳುವ ಬಟ್ಟೆಯಿತ್ತು, ಎಂದಾದರೂ ಹೆತ್ತವರು ಹುಡುಕಿಕೊಂಡು ಬಂದು ಇನಾಮು ಕೊಟ್ಟಾರು ಎಂಬ ಆಸೆ. ಯಾರೂ ಬರಲಿಲ್ಲ. ಕಾಲು ಹೋದಮೇಲೆ ಗುತ್ತಿಗೆದಾರನ ಮೇಲೆ ಹಾಕಿದ ಕೇಸಿಗೆ ದುಡ್ಡು ಬೇಕೆಂದು ಅವನ ಹೆಂಡತಿ ಮನೆಯ ಹಸು ರೂಸೆಟ್ಟನ್ನು ಮಾರಿದಳು. ಕೇಸೂ ಹೋಯಿತು. ಹಸುವಿನ ನಂತರ ಮನೆಯಲ್ಲಿ ಮಾರಲು ಉಳಿದದ್ದು ಹುಡುಗ ಒಬ್ಬನೇ.

ಬಾರ್ಬೆರಾನನ ಹೆಂಡತಿಯೇ ರೆಮಿಯ ಅಮ್ಮ. ಹೆತ್ತವಳಲ್ಲ ಎಂಬುದು ಎಂಟು ವರ್ಷದವರೆಗೆ ಅವನಿಗೆ ಗೊತ್ತೇ ಇರಲಿಲ್ಲ. ಮಾರ್ದಿ ಗ್ರಾ ಹಬ್ಬದ ದಿನ ಅವಳು ನೆರೆಮನೆಗಳಿಂದ ಹಾಲು, ಬೆಣ್ಣೆ ಕಡ ತಂದು ಮಗನಿಗೆಂದು ಕ್ರೇಪ್ ಹುಯ್ಯುತ್ತಿರುತ್ತಾಳೆ. ಕ್ರೇಪ್ ಎಂದರೆ ನಮ್ಮ ನೀರುದೋಸೆಯ ದೂರದ ನೆಂಟ. ಬೆಣ್ಣೆ ಬಾಣಲೆಯಲ್ಲಿ ಚುರ್ರೆನ್ನುವ ಹೊತ್ತಿಗೆ ಸರಿಯಾಗಿ ವರ್ಷಗಟ್ಟಲೆ ಮುಖ ತೋರಿಸದ ಗಂಡ ಬಂದಿಳಿಯುತ್ತಾನೆ, ಇದ್ದಬದ್ದ ಬೆಣ್ಣೆಯನ್ನೆಲ್ಲ ತನ್ನ ಈರುಳ್ಳಿ ಸಾರಿಗೆ ಹಾಕಿಸುತ್ತಾನೆ. ಬಡವರ ಮನೆಯ ಕ್ರೌರ್ಯವನ್ನು ಇಷ್ಟು ಸಣ್ಣ ಸಂಗತಿಯಲ್ಲಿ ತೋರಿಸಿದವರು ಕಡಿಮೆ.

ಮಾರಾಟದ ದಿನ ಅವನು ಹೆಂಡತಿಯನ್ನು ಉಪಾಯವಾಗಿ ಹೊರಗೆ ಕಳಿಸಿರುತ್ತಾನೆ. ವಿಟಾಲಿಸ್ ಹುಡುಗನ ಕೈಹಿಡಿದು ಗುಡ್ಡ ಹತ್ತಿಸುತ್ತಾನೆ. ತಿರುವಿನಲ್ಲಿ ಕೂತು ಕೆಳಗೆ ನೋಡಿದರೆ ಮನೆಯಂಗಳದಲ್ಲಿ ಬಿಳಿ ಕುಲಾವಿಯೊಂದು ಕಾಣುತ್ತದೆ. ಅಮ್ಮ ವಾಪಸು ಬಂದಿದ್ದಾಳೆ. ಒಳಗೆ ಹೋಗುತ್ತಾಳೆ, ಹೊರಗೆ ಓಡುತ್ತಾಳೆ, ಕೈ ಚಾಚಿ ಅತ್ತಿತ್ತ ಹುಡುಕುತ್ತಾಳೆ. ಇವನು ಕಿರುಚುತ್ತಾನೆ, ಅವಳಿಗೆ ಕೇಳುವುದಿಲ್ಲ. ಇಡೀ ಕಾದಂಬರಿಯಲ್ಲಿ ಒಬ್ಬರು ಇನ್ನೊಬ್ಬರನ್ನು ಬರೀ ಅಕ್ಕರೆಗಾಗಿ ಹುಡುಕುವ ದೃಶ್ಯಗಳನ್ನು ಲೆಕ್ಕ ಹಾಕಿದರೆ ಮೊದಲು ನಿಲ್ಲುವುದು ಇದು.

ಮಾಲೋ ವಿಟಾಲಿಸನನ್ನು ದುಷ್ಟನನ್ನಾಗಿ ಮಾಡುವುದಿಲ್ಲ. ದಾರಿಯಲ್ಲಿ ಸಿಕ್ಕ ಹಲಗೆಯ ಚೂರುಗಳ ಮೇಲೆ ಅಕ್ಷರ ಕೊರೆದು ರೆಮಿಗೆ ಓದು ಕಲಿಸುವವನು ಅವನೇ. ಕಾಪಿ ಎಂಬ ನಾಯಿಗೂ ಜೊತೆಯಲ್ಲೇ ಪಾಠ, ಅದರ ನೆನಪು ಹುಡುಗನದಕ್ಕಿಂತ ಗಟ್ಟಿ! ಒಂದು ರಾತ್ರಿ ಪ್ಯಾರಿಸಿನ ಹೊರವಲಯದಲ್ಲಿ ಮುದುಕ ಚಳಿಗೆ ಸೆಟೆದು ಸತ್ತ ಮೇಲೆ ರೆಮಿಗೆ ಅಕಾನ್ ಎಂಬ ಹೂದೋಟಗಾರನ ಮನೆ ಸಿಗುತ್ತದೆ. ಆಲಿಕಲ್ಲು ಮಳೆ ಬಿದ್ದು ಗಾಜಿನ ಹೊದಿಕೆಯೆಲ್ಲ ಚೂರಾಗಿ, ಸಾಲ ತೀರಿಸಲಾಗದೆ ತೋಟಗಾರ ಜೈಲು ಸೇರುತ್ತಾನೆ. ಮಕ್ಕಳು ನಾಲ್ವರೂ ನಾಲ್ಕು ದಿಕ್ಕಿಗೆ, ನೆಂಟರ ಮನೆಗಳಿಗೆ. ಆಗ ರೆಮಿ ತಾನೇ ವಹಿಸಿಕೊಂಡ ಕೆಲಸ ನೋಡಿ: ಹಾರ್ಪ್ ನುಡಿಸುತ್ತ ಊರೂರು ಸುತ್ತಿ, ಒಬ್ಬರ ಸುದ್ದಿ ಇನ್ನೊಬ್ಬರಿಗೆ ಮುಟ್ಟಿಸುವುದು. ಚದುರಿದ ಆ ಮನೆ ಅವನು ನಡೆಯುತ್ತಿರುವವರೆಗೂ ಒಂದೇ ಮನೆ.

ಜೊತೆಗೆ ಬರುವವನು ಮಟ್ಟಿಯಾ. ಇಟಲಿಯಿಂದ ಮಕ್ಕಳನ್ನು ತಂದು ಪ್ಯಾರಿಸಿನ ಬೀದಿಯಲ್ಲಿ ಹಾಡಿಸಿ, ಕುಣಿಸಿ ದುಡಿಸುವ ಗಾರೊಫೊಲಿಯ ಹಿಡಿತದಲ್ಲಿದ್ದ ಹುಡುಗ. ಸಂಜೆ ಗೊತ್ತಾದ ದುಡ್ಡು ತಾರದವರಿಗೆ ಚಾಟಿಯೇಟು. ಅಡುಗೆಗೆಂದು ಮನೆಯಲ್ಲುಳಿದ ಮಟ್ಟಿಯಾ ಸಾರು ಕದ್ದು ಕುಡಿಯಬಾರದೆಂದು ಪಾತ್ರೆಯ ಮುಚ್ಚಳಕ್ಕೆ ಬೀಗ. ಹಬೆ ಹೋಗಲು ಒಂದು ಸಣ್ಣ ಕೊಳವೆ ಅಷ್ಟೆ. ಇದು ಬರೀ ಕಲ್ಪನೆಯಲ್ಲ. ಇಂಥ ಮಕ್ಕಳು ಆಗ ಯುರೋಪಿನ ದೊಡ್ಡ ಊರುಗಳಲ್ಲೆಲ್ಲ ಇದ್ದರು. ಫ್ರಾನ್ಸ್ 1874ರ ಡಿಸೆಂಬರಿನಲ್ಲಿ ಕಾನೂನು ತಂದು, ಹದಿನಾರು ತುಂಬದ ಮಕ್ಕಳನ್ನು ದೊಂಬರಾಟದವರಿಗೆ, ಪ್ರಾಣಿಯಾಟದವರಿಗೆ ಒಪ್ಪಿಸುವುದನ್ನು ಅಪರಾಧವೆಂದಿತು. ಬಾರ್ಬೆರಾನ್ ಮಾಡಿದ ವ್ಯಾಪಾರ ಪುಸ್ತಕ ಓದುಗರ ಕೈಗೆ ಬರುವ ಹೊತ್ತಿಗೆ ಶಿಕ್ಷೆಗೆ ಗುರಿಯಾಗುವಂಥದ್ದು.

ಈ ಇಬ್ಬರು ಹುಡುಗರು ಕಾಸಿಗೆ ಕಾಸು ಕೂಡಿಸಿ ಮಾಡುವ ಮೊದಲ ದೊಡ್ಡ ಖರ್ಚು ಒಂದು ಹಸು. ಸಾಕಿದಮ್ಮನಿಗೆ ರೂಸೆಟ್ಟಿನ ಬದಲಿಗೆ. ಮೋಸ ಹೋಗಬಾರದೆಂದು ಪಶುವೈದ್ಯನೊಬ್ಬನನ್ನು ಜೊತೆಗೆ ಕರೆದುಕೊಂಡು ಸಂತೆಗೆ ಹೋಗುತ್ತಾರೆ. ಬೆಲೆ ಇನ್ನೂರು ಚಿಲ್ಲರೆ ಫ್ರಾಂಕ್. ನಡುದಾರಿಯಲ್ಲಿ, ಹರಕು ಬಟ್ಟೆಯ ಹುಡುಗರ ಕೈಯಲ್ಲಿ ಇಷ್ಟು ಚೆಂದದ ಹಸು ಎಲ್ಲಿಂದ ಬಂತು ಎಂದು ಅವರನ್ನು ಕೂಡಿಹಾಕುವುದೂ ಆಗುತ್ತದೆ. ಹುಡುಗನನ್ನು ಮಾರಿದ್ದು ನಲವತ್ತಕ್ಕೆ, ಅವನು ಕೊಂಡ ಹಸು ಅದರ ಐದು ಪಟ್ಟು. ಮಾಲೋ ಈ ಎರಡು ಅಂಕಿಗಳನ್ನು ಎಲ್ಲೂ ಪಕ್ಕಪಕ್ಕ ಇಟ್ಟು ತೋರಿಸುವುದಿಲ್ಲ. ಆದರೆ ಆ ನೋಟರಿಯ ಮಗನಿಗೆ ಇದು ಗೊತ್ತಿರಲಿಲ್ಲ ಎಂದರೆ ನಾನು ನಂಬುವುದಿಲ್ಲ. ಹಸುವಿನ ಜೊತೆ ಹುಡುಗರು ಬೆಣ್ಣೆ, ಹಿಟ್ಟನ್ನೂ ಒಯ್ಯುತ್ತಾರೆ. ಅಂದು ಅರ್ಧಕ್ಕೆ ನಿಂತ ಕ್ರೇಪ್ ಈಗ ಆಗುತ್ತದೆ.

ಇಲ್ಲಿಗೇ ಕಥೆ ನಿಂತಿದ್ದರೂ ನನಗೆ ಸಾಕಿತ್ತು. ಆದರೆ ಹೆತ್ತವರು ಸಿಗಲೇಬೇಕಲ್ಲ. ಸುಳಿವು ಹಿಡಿದು ಲಂಡನ್ನಿಗೆ ಹೋದರೆ ಅಲ್ಲಿ ಡ್ರಿಸ್ಕಾಲ್ ಎಂಬ ಕಳ್ಳಮಾಲಿನ ಸಂಸಾರ, ಇವನು ನಮ್ಮ ಮಗನೇ ಎನ್ನುತ್ತದೆ. ಕೂಸಿನ ಬಟ್ಟೆಯ ಗುರುತೂ ಸರಿಯಾಗಿ ಹೇಳುತ್ತದೆ. ಹೇಳದೆ ಏನು, ಆಸ್ತಿಯ ಆಸೆಗೆ ಬಿದ್ದ ಚಿಕ್ಕಪ್ಪನೊಬ್ಬನ ಮಾತು ಕೇಳಿ ಕೂಸನ್ನು ಕದ್ದವನೇ ಡ್ರಿಸ್ಕಾಲ್! ಈ ಭಾಗ ನನಗೆ ತುಂಬ ಮುಖ್ಯ. ಅಪ್ಪ ಎನಿಸಿಕೊಂಡವನು ಕಳ್ಳ ಎಂದು ಗೊತ್ತಾದರೂ ರೆಮಿ ಬಿಟ್ಟು ಓಡುವುದಿಲ್ಲ. ಹೆತ್ತವರನ್ನು ಪ್ರೀತಿಸಬೇಕು, ಆದರೆ ಪ್ರೀತಿ ಹುಟ್ಟುತ್ತಿಲ್ಲ ಎಂದು ತನ್ನನ್ನೇ ಬೈದುಕೊಳ್ಳುತ್ತಾನೆ. ಇವರು ನಿನ್ನವರಲ್ಲ ಎಂದು ಮೊದಲು ಅನುಮಾನಿಸುವವನು ಮಟ್ಟಿಯಾ, ಅವರ ಮಕ್ಕಳ ಮುಖಚಹರೆಗೂ ನಿನಗೂ ಹೋಲಿಕೆಯೇ ಇಲ್ಲ ಎಂದು.

ನಿಜವಾದ ತಾಯಿ ಮಿಲಿಗನ್ ಎಂಬ ಶ್ರೀಮಂತ ಇಂಗ್ಲಿಷ್ ವಿಧವೆ. ಹಿಂದೊಮ್ಮೆ ವಿಟಾಲಿಸ್ ಜೈಲು ಸೇರಿದ್ದಾಗ, ತಾಯಿ ಮಗ ಎಂಬ ಅರಿವಿಲ್ಲದೆ, ರೆಮಿ ಅವಳ ದೋಣಿಮನೆಯಲ್ಲೇ ಕೆಲವು ವಾರ ಕಳೆದಿರುತ್ತಾನೆ. ಈ ಕಾಕತಾಳೀಯ ನನಗೆ ಹಿಡಿಸಲಿಲ್ಲ. ಸ್ವಿಟ್ಜರ್ಲೆಂಡಿನಲ್ಲಿ ಗುಟ್ಟು ಒಡೆಯುವುದು, ಆಸ್ತಿ ಕೈಸೇರುವುದು ಎಲ್ಲ ಧಾವಂತದಲ್ಲಿ ನಡೆದುಹೋಗುತ್ತದೆ. ಹದಿನೈದು ವರ್ಷಗಳ ನಂತರ, 1893ರ 'ಆಂ ಫಮೀ'ಯಲ್ಲಿ, ಮಾಲೋ ಇದೇ ಹುಡುಕಾಟವನ್ನು ಹೆಚ್ಚು ನಂಬುವಂತೆ ಬರೆದ. ಅದರ ನಾಯಕಿ ಪೆರೀನ್ ಭಾರತದಿಂದ ಬಂದ ಹುಡುಗಿ. ಅವಳ ಅಪ್ಪ ಸೆಣಬು ಕೊಳ್ಳಲು ನಮ್ಮ ಕಡೆಗೆ ಬಂದು ಇಲ್ಲೇ ಮದುವೆಯಾದವನು. ಅಪ್ಪ ಅಮ್ಮ ಇಬ್ಬರನ್ನೂ ಕಳೆದುಕೊಂಡ ಅವಳು ಅಜ್ಜನ ಗಿರಣಿಯಲ್ಲಿ ಹೆಸರು ಮುಚ್ಚಿಟ್ಟು ಕೂಲಿಗೆ ಸೇರುತ್ತಾಳೆ. ಮೊಮ್ಮಗಳೆಂದು ಹಕ್ಕು ಕೇಳುವ ಮೊದಲು ಅಜ್ಜನ ವಿಶ್ವಾಸ ಗಳಿಸುತ್ತಾಳೆ.

ರೆಮಿಯ ಕಥೆಯ ಕೊನೆಯ ಅಧ್ಯಾಯದಲ್ಲಿ ಮಾತ್ರ ಮಾಲೋ ಮತ್ತೆ ಚೇತರಿಸಿಕೊಳ್ಳುತ್ತಾನೆ. ದೊಡ್ಡವನಾಗಿ ಬಂಗಲೆಯ ಒಡೆಯನಾದ ರೆಮಿ, ತನ್ನ ಮಗನ ನಾಮಕರಣಕ್ಕೆ ಕಷ್ಟದಲ್ಲಿ ಕೈಹಿಡಿದವರನ್ನೆಲ್ಲ ಕರೆಸುತ್ತಾನೆ. ಕೂಸನ್ನು ನೋಡಿಕೊಳ್ಳಲು ಬಂದವಳು ಅದೇ ಸಾಕಿದಮ್ಮ. ಮಟ್ಟಿಯಾ ಈಗ ಹೆಸರುವಾಸಿ ಪಿಟೀಲುವಾದಕ. ಇಬ್ಬರೂ ಹಳೆಯ ವಾದ್ಯ ತೆಗೆದು ನುಡಿಸುತ್ತಾರೆ, ಮುದಿ ಕಾಪಿ ಬಟ್ಟಲು ಕಚ್ಚಿಕೊಂಡು ಅತಿಥಿಗಳ ನಡುವೆ ಓಡಾಡುತ್ತದೆ. ಬೀದಿಯಲ್ಲಿ ಹಾಡುವ ಪುಟ್ಟ ಮಕ್ಕಳಿಗೊಂದು ಆಸರೆಮನೆ ಕಟ್ಟಲು ಇದು ಮೊದಲ ಕಾಣಿಕೆಯಾಗಲಿ ಎನ್ನುತ್ತಾನೆ ರೆಮಿ. ಉಳಿದ ಹಣ ಹಾಕುವವರು ಅವನು ಮತ್ತು ಅವನ ಹೆತ್ತಮ್ಮ.