ಮರವಂತೆಗೆ ಹೋಗಿಬಂದ ಲೆಕ್ಕ

ಡಿಸೆಂಬರಿನ ಒಂದು ಭಾನುವಾರ ಮಂಗಳೂರಿನಿಂದ ಮರವಂತೆಗೆ ಹೊರಟೆವು. ಒಂದು ಕಾರು, ನಾಲ್ಕು ಜನ. ರಾತ್ರಿ ಮನೆ ಸೇರುವಾಗ ಕಾರು ಓಡಿದ್ದು 222 ಕಿ.ಮೀ., ಖರ್ಚಾಗಿದ್ದು 4,383 ರೂಪಾಯಿ. ತಲೆಗೆ 1,096.

ಲೀಟರಿಗೆ 15 ಕಿ.ಮೀ. ಕೊಡುವ ಕಾರು. 14.8 ಲೀಟರ್ ಪೆಟ್ರೋಲಿಗೆ 103ರ ದರದಲ್ಲಿ 1,524. ಹೆಜಮಾಡಿ, ಸಾಸ್ತಾನದ ಟೋಲ್‌ಗಳಿಗೆ ಸೇರಿ 150. 24 ಗಂಟೆಯೊಳಗೆ ಮರಳುವವರಿಗೆ ಹೋಗಿಬರಲು ಒಂದೂವರೆ ಪಟ್ಟು ಶುಲ್ಕ ಸಾಕು. ಬೊಂಡ, ಚಹಾ, ಪಾರ್ಕಿಂಗ್, ಕಾಪು ದೀಪಸ್ತಂಭದ ಟಿಕೆಟ್‌ಗೆ 430. ಉಳಿದ 2,279 ಊಟದ್ದು, ಒಟ್ಟು ಖರ್ಚಿನ 52%.

ಕುಂದಾಪುರದ ಹತ್ತಿರ ಉಂಡೆವು. ಕುಚ್ಚಲಕ್ಕಿ ಅನ್ನ, ಮೀನಿನ ಗಸಿಯ ಊಟ ನಾಲ್ಕಕ್ಕೆ 600. ಕಾಣೆ ರವಾ ಫ್ರೈ 350, ಮರುವಾಯಿ ಸುಕ್ಕ 200, ಎರಡು ಬಂಗುಡೆಯ ಪುಳಿಮುಂಚಿ 220. ಅಂಜಲ್ ತವಾ ಫ್ರೈ ಎರಡು ತುಂಡಿಗೆ 800. ಇದರ ಮೇಲೆ 5% ಜಿಎಸ್‌ಟಿ.

ಅಂಜಲಿನ ದರ ಕಂಡು ಮೊದಲು ಅನ್ಯಾಯ ಎನಿಸಿತ್ತು. ಲೆಕ್ಕ ಹಾಕಿದ ಮೇಲೆ ಹಾಗೆನಿಸಲಿಲ್ಲ. ಹಿಂದಿನ ದಿನ ಮೀನಿನ ಧಕ್ಕೆಯಲ್ಲಿ ಅಂಜಲ್ ಕೆಜಿಗೆ 900, ಬಂಗುಡೆ 200 ಇತ್ತು. ತಲೆ, ಹೊಟ್ಟೆ ತೆಗೆದರೆ ಒಂದು ಕೆಜಿ ಅಂಜಲಿನಲ್ಲಿ ಉಳಿಯುವ ತುಂಡು ಸುಮಾರು 700 ಗ್ರಾಂ. ಹಾಗಾಗಿ 150 ಗ್ರಾಂ ತುಂಡಿನ ಮೀನಿಗೇ ಸುಮಾರು 190 ಬೀಳುತ್ತದೆ. ಹೋಟೆಲಿನವರು ಮೇಲೆ ಇಟ್ಟದ್ದು 210. ಬಂಗುಡೆ ಕೆಜಿಗೆ ಏಳು ತೂಗುತ್ತದೆ, ಎರಡಕ್ಕೆ 57. ಮೇಲೆ ಇಟ್ಟದ್ದು 163. ಅಂಜಲ್ ತಟ್ಟೆ ಮೀನಿನ ಬೆಲೆಯ ಎರಡು ಪಟ್ಟಾದರೆ, ಬಂಗುಡೆಯದು ಹತ್ತಿರಹತ್ತಿರ ನಾಲ್ಕು ಪಟ್ಟು. ಅದು ಸರಿಯೇ. ಯಾವ ಮೀನಾದರೂ ಶುಚಿ ಮಾಡಬೇಕು, ಮೆಣಸು-ಹುಳಿ ಅರೆಯಬೇಕು, ಒಲೆಯ ಮುಂದೆ ನಿಲ್ಲಬೇಕು. ಆ ದುಡಿಮೆಗೆ ಮೀನಿನ ದರ್ಜೆ ಇಲ್ಲ.

ಆದರೂ ಮುಂದಿನ ಸಲ ಅಂಜಲ್ ಬಿಟ್ಟು ಇನ್ನೊಂದು ಪ್ಲೇಟ್ ಬಂಗುಡೆ ಹೇಳುತ್ತೇನೆ. ತೆರಿಗೆ ಸೇರಿ 609 ಉಳಿಯುತ್ತದೆ, ರುಚಿಯಲ್ಲಿ ನಷ್ಟವಿಲ್ಲ. ಜೂನ್ 1ರಿಂದ ಜುಲೈ 31ರ ತನಕ ಮಾತ್ರ ಈ ಲೆಕ್ಕ ನಡೆಯದು. ಆ 61 ದಿನ ಯಾಂತ್ರೀಕೃತ ದೋಣಿಗಳು ಕಡಲಿಗಿಳಿಯುವಂತಿಲ್ಲ. ತಾಜಾ ಮೀನಿಗೆ ನಾಡದೋಣಿಗಳನ್ನೇ ನಂಬಬೇಕು.

ಕಡಲು ನೋಡಿದ್ದೆಷ್ಟು? ಹೆದ್ದಾರಿ 66 ಕರಾವಳಿಯದೇ ಆದರೂ ಬಹುಪಾಲು ಪೇಟೆಗಳ ನಡುವೆ ಸಾಗುತ್ತದೆ. ತ್ರಾಸಿ ದಾಟಿದ ಮೇಲೆ ಎಡಕ್ಕೆ ಅರಬ್ಬೀ ಸಮುದ್ರ, ಬಲಕ್ಕೆ ಸೌಪರ್ಣಿಕಾ ಸಿಗುವುದು ಕೆಲವೇ ಕಿಲೋಮೀಟರ್. ಅದಕ್ಕೆ ಮರಳುವಾಗ ಹೆದ್ದಾರಿ ಬಿಟ್ಟು ಮಲ್ಪೆ, ಪಡುಕೆರೆ, ಮಟ್ಟು ದಾರಿಯಲ್ಲಿ ಕಾಪುವಿಗೆ ಬಂದೆವು. ಒಂದು ಬದಿ ಅಲೆ, ಇನ್ನೊಂದು ಬದಿ ಹೊಳೆ, ನಡುವೆ ತೆಂಗು, ಬಲೆ ಹರಡಿದ ಅಂಗಳಗಳು, ಮಟ್ಟುವಿನಲ್ಲಿ ಗುಳ್ಳ ಬದನೆಯ ಗದ್ದೆ. ರಸ್ತೆ ಕಿರಿದು, ನಿಧಾನ ಹೋಗಬೇಕು. ಹೆಚ್ಚು ತಗುಲಿದ್ದು 40 ನಿಮಿಷ. ಕಾಪುವಿನಲ್ಲಿ 1901ರ ದೀಪಸ್ತಂಭ ಹತ್ತಿ ಇಳಿದು ಬಂಡೆಯ ಮೇಲೆ ಕೂತೆವು. ಕತ್ತಲಾಗಿ ಮೇಲೆ ದೀಪ ತಿರುಗತೊಡಗುವವರೆಗೂ ಯಾರೂ ಏಳಲಿಲ್ಲ.