ಸಮುದಾಯ ಆರೋಗ್ಯ ಕೇಂದ್ರಗಳಲ್ಲಿ ಚಿಕಿತ್ಸಾ ಸಂಶೋಧನೆ: ಖರ್ಚು ಯಾರದು, ಫಲ ಯಾರಿಗೆ?

ಕಾರ್ಖಾನೆಯ ಪರೀಕ್ಷೆಯಲ್ಲಿ ಉತ್ತೀರ್ಣವಾದ ಪಂಪ್‌ಸೆಟ್ಟು ಏರಿಳಿತದ ವಿದ್ಯುತ್ತಿನಲ್ಲಿ, ಕೆಸರು ನೀರಿನಲ್ಲಿ ಹೇಗೆ ನಡೆಯುತ್ತದೆಂಬುದು ರೈತನ ಬಾವಿಯ ಬಳಿಯೇ ತಿಳಿಯಬೇಕು. ಔಷಧಗಳೂ ಇದಕ್ಕೆ ಹೊರತಲ್ಲ. ದೊಡ್ಡ ಬೋಧನಾ ಆಸ್ಪತ್ರೆಯಲ್ಲಿ, ಆಯ್ದ ರೋಗಿಗಳಲ್ಲಿ ಗುಣ ತೋರಿದ ಚಿಕಿತ್ಸೆಯು ದಿನಗೂಲಿ ಬಿಟ್ಟು ಬರಲಾಗದ, ಮಾತ್ರೆಗೆ ಹಣ ಹೊಂದಿಸಲಾಗದ ಜನರಲ್ಲಿಯೂ ಅದೇ ಫಲ ನೀಡುವುದೆಂಬ ಖಾತರಿಯಿಲ್ಲ. ಆದ್ದರಿಂದಲೇ ಅಮೆರಿಕದ ವಿಶ್ವವಿದ್ಯಾನಿಲಯಗಳು ಬಡ ಬಡಾವಣೆಗಳ ಸಮುದಾಯ ಆರೋಗ್ಯ ಕೇಂದ್ರಗಳೊಡನೆ ಒಡಂಬಡಿಕೆ ಮಾಡಿಕೊಂಡು, ರೋಗಿಗಳಿರುವಲ್ಲಿಗೇ ಸಂಶೋಧನೆಯನ್ನು ಕೊಂಡೊಯ್ಯುತ್ತಿವೆ. ಈ ಸಹಭಾಗಿತ್ವದ ಸ್ವರೂಪವನ್ನೂ ಅದರ ಜಮಾ-ಖರ್ಚಿನ ಮರ್ಮವನ್ನೂ ಇಲ್ಲಿ ವಿವೇಚಿಸಲಾಗಿದೆ.

ಹಿನ್ನೆಲೆ

ಅಮೆರಿಕದ ಸಮುದಾಯ ಆರೋಗ್ಯ ಕೇಂದ್ರಗಳ ಆರಂಭವೇ ವಿಶ್ವವಿದ್ಯಾನಿಲಯವೊಂದರ ನೆರವಿನಿಂದ ಆಯಿತು. 1965ರಲ್ಲಿ ಬಾಸ್ಟನ್ ನಗರದ ಕೊಲಂಬಿಯಾ ಪಾಯಿಂಟ್ ವಸತಿ ಪ್ರದೇಶದಲ್ಲಿ ಟಫ್ಟ್ಸ್ ವಿಶ್ವವಿದ್ಯಾನಿಲಯದ ವೈದ್ಯರಾದ ಜಾಕ್ ಗೈಗರ್ ಮತ್ತು ಕೌಂಟ್ ಗಿಬ್ಸನ್ ಅವರು ಮೊದಲ ಕೇಂದ್ರಗಳಲ್ಲೊಂದನ್ನು ತೆರೆದರು. ಇಂದು ಅಂತಹ ಸುಮಾರು 1,400 ಸಂಸ್ಥೆಗಳು 3 ಕೋಟಿಗೂ ಅಧಿಕ ಜನರಿಗೆ ಸೇವೆ ಸಲ್ಲಿಸುತ್ತಿವೆ. ರೋಗಿಯ ಆದಾಯಕ್ಕೆ ತಕ್ಕಂತೆ ಶುಲ್ಕ ನಿಗದಿಯಾಗುತ್ತದೆ. ಆಡಳಿತ ಮಂಡಲಿಯಲ್ಲಿ ಕನಿಷ್ಠ ಶೇ. 51ರಷ್ಟು ಸದಸ್ಯರು ಆ ಕೇಂದ್ರದ ರೋಗಿಗಳೇ ಆಗಿರಬೇಕೆಂಬುದು ಸಾಮಾನ್ಯ ನಿಯಮ.

ಒಂದು ನಿದರ್ಶನ

ಅಲಬಾಮಾ ರಾಜ್ಯದ ಮೊಬೀಲ್ ನಗರದ ಇಂತಹ ಕೇಂದ್ರವೊಂದರಲ್ಲಿ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾನಿಲಯದ ತಜ್ಞರು ನಡೆಸಿದ ಪ್ರಯೋಗದ ಫಲಿತಾಂಶ 2019ರಲ್ಲಿ ಪ್ರಕಟವಾಯಿತು. ಅದರಲ್ಲಿ 303 ಜನರು ಭಾಗವಹಿಸಿದ್ದರು. ಅವರಲ್ಲಿ ಮುಕ್ಕಾಲು ಪಾಲು ಜನರ ವಾರ್ಷಿಕ ಆದಾಯ 15,000 ಡಾಲರಿಗಿಂತ ಕಡಿಮೆಯಿತ್ತು. ಒಂದು ಗುಂಪಿಗೆ ರಕ್ತದೊತ್ತಡದ ಮೂರು ಮತ್ತು ಕೊಲೆಸ್ಟರಾಲಿನ ಒಂದು ಔಷಧವನ್ನು ಅಲ್ಪ ಪ್ರಮಾಣದಲ್ಲಿ ಸೇರಿಸಿದ ಒಂದೇ ಮಾತ್ರೆಯನ್ನು ನೀಡಲಾಯಿತು. ಮತ್ತೊಂದು ಗುಂಪಿಗೆ ಎಂದಿನ ಚಿಕಿತ್ಸೆ ಮುಂದುವರಿಯಿತು. ಮಾತ್ರೆಯ ವೆಚ್ಚ ತಿಂಗಳಿಗೆ 26 ಡಾಲರ್. ಹನ್ನೆರಡು ತಿಂಗಳ ನಂತರ ಮೊದಲ ಗುಂಪಿನಲ್ಲಿ ರಕ್ತದೊತ್ತಡದ ಮೇಲಿನ ಅಂಕಿ ಸರಾಸರಿ 9ರಷ್ಟು ಇಳಿದರೆ, ಎರಡನೆಯದರಲ್ಲಿ 2ರಷ್ಟು ಮಾತ್ರ ಇಳಿದಿತ್ತು. ಉಳಿದ ಮಾತ್ರೆಗಳನ್ನು ಎಣಿಸಿ ನೋಡಿದಾಗ, ನೀಡಿದ್ದರಲ್ಲಿ ಶೇ. 86ರಷ್ಟು ಸೇವನೆಯಾಗಿತ್ತು. ಬಡವರು ಔಷಧವನ್ನು ಕ್ರಮವಾಗಿ ಸೇವಿಸುವುದಿಲ್ಲವೆಂಬ ಮಾತಿಗೆ ಈ ಅಂಕಿಯೇ ಉತ್ತರವಾಗಿದೆ.

ಈ ವಿಚಾರಕ್ಕೆ ಕರ್ನಾಟಕದ ನಂಟೂ ಇದೆ. ಅಹಮದಾಬಾದಿನ ಕ್ಯಾಡಿಲಾ ಫಾರ್ಮಾಸ್ಯೂಟಿಕಲ್ಸ್ ತಯಾರಿಸಿದ ‘ಪಾಲಿಕ್ಯಾಪ್’ ಎಂಬ ಸಂಯುಕ್ತ ಔಷಧದ ಪ್ರಯೋಗವನ್ನು ಬೆಂಗಳೂರಿನ ಸೇಂಟ್ ಜಾನ್ಸ್ ಸಂಸ್ಥೆ ಮತ್ತು ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾನಿಲಯಗಳ ತಜ್ಞರು ಕೂಡಿ ನಡೆಸಿದರು. ದೇಶದ 50 ಕೇಂದ್ರಗಳಲ್ಲಿ 2,053 ಜನರನ್ನು ಒಳಗೊಂಡ ಅದರ ವರದಿ 2009ರಲ್ಲಿ ಹೊರಬಂದಿತು. 2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಈ ಬಗೆಯ ಮಾತ್ರೆಗಳನ್ನು ಅತ್ಯವಶ್ಯಕ ಔಷಧಗಳ ಮಾದರಿ ಪಟ್ಟಿಗೆ ಸೇರಿಸಿತು.

ನಂಬಿಕೆಯ ಪ್ರಶ್ನೆ

ಮೊಬೀಲ್ ಇರುವ ಅದೇ ಅಲಬಾಮಾ ರಾಜ್ಯದ ಟಸ್ಕೀಗೀಯಲ್ಲಿ 1932ರಿಂದ 1972ರವರೆಗೆ ಸರ್ಕಾರಿ ಆರೋಗ್ಯ ಇಲಾಖೆಯು 600 ಕಪ್ಪು ಜನಾಂಗದ ಪುರುಷರನ್ನು ಅಧ್ಯಯನಕ್ಕೆ ಒಳಪಡಿಸಿತ್ತು. ಅವರಲ್ಲಿ 399 ಮಂದಿಗೆ ಸಿಫಿಲಿಸ್ ರೋಗವಿತ್ತು. ಅವರಿಗೆ ನಿಜಸಂಗತಿಯನ್ನು ತಿಳಿಸಲಿಲ್ಲ. ಪೆನಿಸಿಲಿನ್ ಲಭ್ಯವಾದ ಮೇಲೂ ಅದನ್ನು ನೀಡಲಿಲ್ಲ. ಇದರ ನೆನಪು ಇಂದಿಗೂ ಮಾಸಿಲ್ಲ. ಒಮ್ಮೆ ಕಳೆದ ಗಿರಾಕಿಯ ನಂಬಿಕೆಯನ್ನು ಮರಳಿ ಪಡೆಯುವುದು ಎಷ್ಟು ಕಷ್ಟವೆಂಬುದನ್ನು ವರ್ತಕರಿಗೆ ಹೇಳಬೇಕಾಗಿಲ್ಲ. ಸಮುದಾಯ ಕೇಂದ್ರವು ತನ್ನ ಹೆಸರನ್ನು ವಿಶ್ವವಿದ್ಯಾನಿಲಯಕ್ಕೆ ಒತ್ತೆಯಿಡುತ್ತದೆ. ಪ್ರಯೋಗ ಕೆಟ್ಟರೆ ತಜ್ಞರು ಊರಿಗೆ ಮರಳುತ್ತಾರೆ. ಕೇಂದ್ರವು ಅಲ್ಲಿಯೇ ಉಳಿಯಬೇಕಾಗುತ್ತದೆ.

ಒಡಂಬಡಿಕೆಯಲ್ಲಿ ಇರಬೇಕಾದ ಅಂಶಗಳು

1. ವೆಚ್ಚದ ವಿಂಗಡಣೆ: ರೋಗಿಗೆ ಹೇಗೂ ನೀಡಬೇಕಾದ ಚಿಕಿತ್ಸೆಯ ವೆಚ್ಚ ಮತ್ತು ಸಂಶೋಧನೆಗಾಗಿಯೇ ಆಗುವ ವೆಚ್ಚ ಬೇರೆ ಬೇರೆಯಾಗಿರಬೇಕು. ಅಮೆರಿಕದ ಮೆಡಿಕೇರ್ ಯೋಜನೆಯು 2000ದಿಂದ ಅರ್ಹ ಪ್ರಯೋಗಗಳಲ್ಲಿ ಮೊದಲನೆಯದನ್ನು ಭರಿಸುತ್ತಿದೆ. ಪ್ರಾಯೋಜಕರು ಉಚಿತವಾಗಿ ಒದಗಿಸಿದ ವಸ್ತುವಿಗೆ ಮತ್ತೆ ಬಿಲ್ಲು ಮಾಡುವಂತಿಲ್ಲ.

2. ಪರೋಕ್ಷ ವೆಚ್ಚ: ಕೇಂದ್ರದ ದಾದಿಯ ಸಮಯ, ಕೊಠಡಿ, ವಿದ್ಯುತ್ತು, ಲೆಕ್ಕ ಬರೆಯುವವರ ಸಂಬಳ ಇವು ಯಾವುದೂ ಪುಕ್ಕಟೆಯಲ್ಲ. ಅಮೆರಿಕದ ಕೇಂದ್ರ ಸರ್ಕಾರದ ಅನುದಾನಗಳಲ್ಲಿ, ಪ್ರತ್ಯೇಕ ದರ ನಿಗದಿಯಾಗಿಲ್ಲದ ಸಣ್ಣ ಸಂಸ್ಥೆಗಳು ಪಡೆಯಬಹುದಾದ ಪರೋಕ್ಷ ವೆಚ್ಚದ ದರವನ್ನು 2024ರ ಅಕ್ಟೋಬರ್‌ನಿಂದ ಶೇ. 10ರಿಂದ 15ಕ್ಕೆ ಏರಿಸಲಾಯಿತು.

3. ಫಲಿತಾಂಶದ ಒಡೆತನ: ಹಣ ಕೊಟ್ಟವರಿಗೆ ಒಪ್ಪಿಗೆಯಾಗದ ಫಲಿತಾಂಶವೂ ಪ್ರಕಟವಾಗಬೇಕು.

4. ಪ್ರಯೋಗದ ನಂತರ: ಔಷಧ ಫಲಕಾರಿಯಾದಲ್ಲಿ ಭಾಗವಹಿಸಿದವರಿಗೆ ಅದು ಮುಂದೆಯೂ ದೊರೆಯುವುದೇ, ಯಾರ ಖರ್ಚಿನಲ್ಲಿ ಎಂಬುದು ಮೊದಲೇ ನಿರ್ಧಾರವಾಗಬೇಕು.

ನಮ್ಮಲ್ಲಿನ ಕಾನೂನು ಮತ್ತು ತೆರಿಗೆ

ಭಾರತದಲ್ಲಿ ಹೊಸ ಔಷಧಗಳ ಪ್ರಯೋಗಕ್ಕೆ 2019ರ ‘ಹೊಸ ಔಷಧಗಳು ಮತ್ತು ಕ್ಲಿನಿಕಲ್ ಪ್ರಯೋಗಗಳ ನಿಯಮಗಳು’ ಅನ್ವಯಿಸುತ್ತವೆ. ನೈತಿಕ ಸಮಿತಿಯಲ್ಲಿ ಕನಿಷ್ಠ 7 ಸದಸ್ಯರಿರಬೇಕು. ಅರ್ಧದಷ್ಟು ಸದಸ್ಯರು ಹೊರಗಿನವರಾಗಿರಬೇಕು. ಪ್ರಯೋಗದಿಂದ ಹಾನಿಯಾದವರಿಗೆ ಉಚಿತ ಚಿಕಿತ್ಸೆಯೂ ಪರಿಹಾರವೂ ಸಲ್ಲಬೇಕು. ಈ ಹೊಣೆ ಪ್ರಾಯೋಜಕರದಾದ್ದರಿಂದ ವಿಮೆಯ ಕಂತನ್ನು ಅಂದಾಜುಪಟ್ಟಿಯಲ್ಲಿ ಮೊದಲೇ ಸೇರಿಸುವುದು ವಿವೇಕ. ವೈದ್ಯಕೀಯ ಉಪಕರಣ ತಯಾರಿಸುವ ಸಣ್ಣ ಉದ್ಯಮಿಗಳು 2017ರ ವೈದ್ಯಕೀಯ ಸಾಧನಗಳ ನಿಯಮಗಳನ್ನು ಪರಿಶೀಲಿಸಬೇಕು.

ಅನುಮೋದಿತ ವಿಶ್ವವಿದ್ಯಾನಿಲಯಕ್ಕೆ ವೈಜ್ಞಾನಿಕ ಸಂಶೋಧನೆಗಾಗಿ ನೀಡಿದ ಹಣಕ್ಕೆ 1961ರ ಆದಾಯ ತೆರಿಗೆ ಕಾಯ್ದೆಯ 35(1)(ii) ಕಲಮಿನಡಿ ಒಂದು ಕಾಲದಲ್ಲಿ ಶೇ. 175ರಷ್ಟು ಕಡಿತ ದೊರೆಯುತ್ತಿತ್ತು. 2017-18ರಿಂದ ಅದು ಶೇ. 150ಕ್ಕೂ, 2020-21ರಿಂದ ಶೇ. 100ಕ್ಕೂ ಇಳಿಯಿತು. ರಿಯಾಯಿತಿ ದರದ ಹೊಸ ತೆರಿಗೆ ಪದ್ಧತಿಯನ್ನು ಆರಿಸಿಕೊಂಡವರಿಗೆ ಆ ಕಡಿತವೂ ಇರಲಿಲ್ಲ. 2026ರ ಏಪ್ರಿಲ್ 1ರಿಂದ 2025ರ ಹೊಸ ಆದಾಯ ತೆರಿಗೆ ಕಾಯ್ದೆ ಅನ್ವಯವಾಗುವುದರಿಂದ ಕಲಮುಗಳ ಸಂಖ್ಯೆ ಬದಲಾಗಿದೆ. ಹಣ ನೀಡುವ ಮುನ್ನ ಸಂಸ್ಥೆಯ ಅನುಮೋದನೆ ಚಾಲ್ತಿಯಲ್ಲಿದೆಯೇ ಎಂಬುದನ್ನು ನೋಡಿಕೊಂಡು, ನಂತರ ಪ್ರಮಾಣಪತ್ರವನ್ನು ಪಡೆದಿಟ್ಟುಕೊಳ್ಳತಕ್ಕದ್ದು.

ಆದ್ದರಿಂದ ತೆರಿಗೆಯ ಲಾಭವೊಂದನ್ನೇ ನೆಚ್ಚಿ ಇಂತಹ ಕಾರ್ಯಕ್ಕೆ ಕೈಹಾಕುವುದು ಉಚಿತವಲ್ಲ. ತಾವು ತಯಾರಿಸುವ ಅಥವಾ ಮಾರುವ ವಸ್ತುವು ಸಾಮಾನ್ಯ ಜನರ ಬದುಕಿನಲ್ಲಿ ನಿಜವಾಗಿ ಉಪಯೋಗಕ್ಕೆ ಬರುತ್ತದೆಯೇ ಎಂಬುದನ್ನು ತಿಳಿಯಬಯಸುವ ಉದ್ಯಮಿಗಳಿಗೆ ಈ ಮಾರ್ಗ ಯೋಗ್ಯವಾದುದು. ಮೊದಲ ರೋಗಿಯ ಸಹಿ ಬೀಳುವ ಮುನ್ನ ಮೇಲಿನ ನಾಲ್ಕು ಅಂಶಗಳು ಲಿಖಿತ ರೂಪದಲ್ಲಿರಬೇಕು. ಆ ಕಾಗದವನ್ನು ಸಮುದಾಯ ಕೇಂದ್ರದವರೂ ತಮ್ಮ ಭಾಷೆಯಲ್ಲಿ ಓದಿ ಒಪ್ಪಿರಬೇಕು.