ಬೀದರ್ ನಗರದ ಇತಿಹಾಸ

ಬೀದರ್ ಕರ್ನಾಟಕದ ಉತ್ತರ ತುದಿಯಲ್ಲಿರುವ ಐತಿಹಾಸಿಕ ನಗರ ಮತ್ತು ಅದೇ ಹೆಸರಿನ ಜಿಲ್ಲೆಯ ಆಡಳಿತ ಕೇಂದ್ರ. ಬಹಮನಿ ಸುಲ್ತಾನರ ರಾಜಧಾನಿಯಾಗಿದ್ದ ಈ ನಗರವು 15ನೇ ಶತಮಾನದಲ್ಲಿ ದಖ್ಖನ್ನಿನ ಪ್ರಮುಖ ವಿದ್ಯಾಕೇಂದ್ರವಾಗಿತ್ತು. ಆಳುವವರು ಬದಲಾದಂತೆ ಇದರ ಅಧಿಕೃತ ಹೆಸರೂ ಬದಲಾಗಿದೆ.

ಹೆಸರುಗಳು

‘ಬಿದಿರು’ ಎಂಬ ಪದದಿಂದ ಬೀದರ್ ಎಂಬ ಹೆಸರು ಬಂದಿತೆಂಬ ಅಭಿಪ್ರಾಯವಿದೆ. ಮಹಾಭಾರತದ ವಿದುರನೊಂದಿಗೆ ಊರನ್ನು ಜೋಡಿಸುವ ಸ್ಥಳೀಯ ಐತಿಹ್ಯವೂ ಪ್ರಚಲಿತವಾಗಿದೆ. ಬಹಮನಿ ಅರಸ ಒಂದನೆಯ ಅಹಮದ್ ಶಾಹನು ರಾಜಧಾನಿಯನ್ನು ಕಲಬುರಗಿಯಿಂದ ಇಲ್ಲಿಗೆ ಸ್ಥಳಾಂತರಿಸಿದ ಬಳಿಕ ನಗರಕ್ಕೆ ಮಹಮದಾಬಾದ್ ಎಂಬ ಹೆಸರಾಯಿತು. 1657ರಲ್ಲಿ ಔರಂಗಜೇಬನು ಇದನ್ನು ಗೆದ್ದ ಮೇಲೆ ಜಫರಾಬಾದ್, ಅಂದರೆ ‘ವಿಜಯದ ನಗರ’ ಎಂದು ಕರೆಯಲಾಯಿತು. ಆದರೆ ಜನರ ಬಳಕೆಯಲ್ಲಿ ಹಳೆಯ ಹೆಸರೇ ಉಳಿಯಿತು. ಇಲ್ಲಿನ ಪ್ರಸಿದ್ಧ ಲೋಹಕಲೆಯಾದ ಬಿದ್ರಿಯೂ ಅದೇ ಹೆಸರನ್ನು ಹೊತ್ತಿದೆ.

ಮಹಮೂದ್ ಗವಾನನ ಮದರಸಾ

ಇರಾನಿನ ಗಿಲಾನ್ ಪ್ರಾಂತ್ಯದಿಂದ ಬಂದು ಬಹಮನಿ ರಾಜ್ಯದ ಪ್ರಧಾನಮಂತ್ರಿಯಾದ ಮಹಮೂದ್ ಗವಾನನು 1472ರಲ್ಲಿ ಇಲ್ಲಿ ಮದರಸಾ ಕಟ್ಟಿಸಿದನು. ಮೂರು ಅಂತಸ್ತಿನ ಈ ವಸತಿ ವಿದ್ಯಾಲಯದಲ್ಲಿ ಬೋಧನಾ ಕೊಠಡಿಗಳು, ಮಸೀದಿ, ವಿದ್ಯಾರ್ಥಿಗಳ ಮತ್ತು ಅಧ್ಯಾಪಕರ ವಸತಿಗಳಿದ್ದವು. ಗ್ರಂಥಾಲಯದಲ್ಲಿ ಸುಮಾರು 3,000 ಹಸ್ತಪ್ರತಿಗಳಿದ್ದವೆಂದು ಹೇಳಲಾಗುತ್ತದೆ. ಸುಳ್ಳು ಪತ್ರವೊಂದರ ಆಧಾರದಲ್ಲಿ ರಾಜದ್ರೋಹದ ಆರೋಪ ಹೊರಿಸಿ 1481ರಲ್ಲಿ ಗವಾನನಿಗೆ ಮರಣದಂಡನೆ ವಿಧಿಸಲಾಯಿತು. ಅವನ ನಂತರ ಬಹಮನಿ ರಾಜ್ಯವು ಬೇಗನೆ ಒಡೆಯಿತು. ಮೊಘಲರ ಕಾಲದಲ್ಲಿ ಕಟ್ಟಡದಲ್ಲಿ ಮದ್ದು ಸ್ಫೋಟಗೊಂಡು ಅದರ ದೊಡ್ಡ ಭಾಗ ಕುಸಿಯಿತು. ಮುಂಭಾಗದ ಎರಡು ಮಿನಾರುಗಳಲ್ಲಿ ಒಂದು ಮಾತ್ರ ಇಂದು ನಿಂತಿದ್ದು, ಬಣ್ಣದ ಹೆಂಚುಗಳ ಅಲಂಕಾರ ಅಲ್ಲಲ್ಲಿ ಉಳಿದಿದೆ.

ಆಳ್ವಿಕೆಗಳು

ಬಹಮನಿಯರ ನಂತರ ಬರೀದ್ ಶಾಹಿಗಳು ಇಲ್ಲಿಂದ ಆಳಿದರು. 1619ರಲ್ಲಿ ವಿಜಯಪುರದ ಆದಿಲ್ ಶಾಹಿಗಳು, ಅವರಿಂದ ಮೊಘಲರು, 18ನೇ ಶತಮಾನದಲ್ಲಿ ಹೈದರಾಬಾದಿನ ನಿಜಾಮರು ನಗರವನ್ನು ಪಡೆದರು. 1948ರ ಸೆಪ್ಟೆಂಬರ್‌ನಲ್ಲಿ ಹೈದರಾಬಾದ್ ಸಂಸ್ಥಾನವು ಭಾರತದಲ್ಲಿ ವಿಲೀನಗೊಂಡಿತು. 1956ರ ನವೆಂಬರ್ 1ರಂದು ಭಾಷಾವಾರು ವಿಂಗಡಣೆಯಾದಾಗ ಬೀದರ್ ಮೈಸೂರು ರಾಜ್ಯಕ್ಕೆ ಸೇರಿತು. ಹಳೆಯ ಜಿಲ್ಲೆಯ ಜಹೀರಾಬಾದ್ ಆಂಧ್ರ ಪ್ರದೇಶಕ್ಕೂ ಉದಗೀರ್ ಮುಂಬಯಿ ರಾಜ್ಯಕ್ಕೂ ಹೋದವು. ಕನ್ನಡ, ಉರ್ದು, ಮರಾಠಿ, ತೆಲುಗು ಭಾಷೆಗಳು ನಗರದಲ್ಲಿ ಇಂದಿಗೂ ಒಟ್ಟಿಗೆ ಬಳಕೆಯಲ್ಲಿವೆ.

ಇಂದಿನ ಶಿಕ್ಷಣ

ಕರ್ನಾಟಕ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯದ ಕೇಂದ್ರ ಕಚೇರಿ ಬೀದರ್‌ನಲ್ಲಿದೆ. ಇತ್ತೀಚೆಗೆ ಬೀದರ್ ವಿಶ್ವವಿದ್ಯಾಲಯವೂ ಸ್ಥಾಪನೆಯಾಗಿದೆ. ಮದರಸಾ ಕಟ್ಟಡವು ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ಸಂರಕ್ಷಣೆಯಲ್ಲಿದೆ.